ಕೃತ, ಕಾರಿತ, ಅನುಮೋದಿತ: ಅಲನ್ ಪೇಟನ್ ಅವರ ಕಾದಂಬರಿಯ ಎರಡು ಕುಟುಂಬಗಳು

ದಕ್ಷಿಣ ಆಫ್ರಿಕಾದ ಅಂದಿನ ನಟಾಲ್ ಪ್ರಾಂತದಲ್ಲಿ ಇಕ್ಸೋಪೊ ಎಂಬ ಊರಿತ್ತು. ಅಲ್ಲಿಂದ ಬೆಟ್ಟಗಳ ಕಡೆಗೆ ಹೋಗುವ ದಾರಿಯೊಂದರ ವರ್ಣನೆಯೊಂದಿಗೆ ಅಲನ್ ಪೇಟನ್ ಅವರ ‘ಕ್ರೈ, ದ ಬಿಲವೆಡ್ ಕಂಟ್ರಿ’ ಕಾದಂಬರಿ ಆರಂಭವಾಗುತ್ತದೆ. ಬೆಟ್ಟದ ಮೇಲೆ ಹುಲ್ಲು ದಟ್ಟವಾಗಿದೆ, ಮಣ್ಣು ಮಳೆಯ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದು ಬಿಳಿಯರ ಜಮೀನು. ಕೆಳಗಿನ ಕಣಿವೆಯಲ್ಲಿ ಮಣ್ಣು ಕೊಚ್ಚಿಹೋಗಿ ಕೊರಕಲುಗಳು ಬಿದ್ದಿವೆ, ಜೋಳದ ಪೈರು ಆಳೆತ್ತರಕ್ಕೂ ಏಳುವುದಿಲ್ಲ. ಅದು ಕರಿಯರ ಊರು. ಮೇಲೆ ‘ಹೈ ಪ್ಲೇಸ್’ ಎಂಬ ಜಮೀನಿನಲ್ಲಿ ಜೇಮ್ಸ್ ಜಾರ್ವಿಸ್ ವಾಸವಾಗಿದ್ದಾನೆ. ಕೆಳಗೆ ನ್ಡೊಟ್ಶೇನಿಯಲ್ಲಿ ಸ್ಟೀಫನ್ ಕುಮಾಲೊ ಪಾದ್ರಿಯಾಗಿದ್ದಾನೆ. ಒಬ್ಬರು ಇನ್ನೊಬ್ಬರನ್ನು ಕಂಡು ಬಲ್ಲರು; ಆದರೆ ಇಬ್ಬರೂ ಒಮ್ಮೆಯೂ ಮಾತನಾಡಿದವರಲ್ಲ. ಒಂದೇ ಮಳೆಗೆ ಕಾಯುವ ಈ ಇಬ್ಬರು ತಂದೆಯರಲ್ಲಿ ಒಬ್ಬನ ಏಕೈಕ ಪುತ್ರನು ಮತ್ತೊಬ್ಬನ ಏಕೈಕ ಪುತ್ರನನ್ನು ದೂರದ ಜೊಹಾನ್ಸ್‌ಬರ್ಗಿನಲ್ಲಿ ಗುಂಡಿಕ್ಕಿ ಕೊಲ್ಲುತ್ತಾನೆ. ಕಾದಂಬರಿಯ ಕಥೆ ಇಷ್ಟೇ. ಆದರೆ ಈ ಕೊಲೆಯ ಪಾಪ ಯಾರದು, ಎಷ್ಟೆಷ್ಟು ಎಂಬ ವಿಚಾರಣೆ ನ್ಯಾಯಾಲಯದಲ್ಲಿ ಮುಗಿದ ಮೇಲೂ ಪಾತ್ರಗಳ ಅಂತರಂಗದಲ್ಲಿ ಮುಗಿಯುವುದಿಲ್ಲ. ಈ ಕೃತಿಯ ಮಹತ್ವ ಇರುವುದು ಅಲ್ಲಿ.

ಪೇಟನ್ ಹುಟ್ಟಿದ್ದು 1903ರಲ್ಲಿ, ನಟಾಲಿನ ಪೀಟರ್‌ಮಾರಿಟ್ಸ್‌ಬರ್ಗಿನಲ್ಲಿ. ಅದಕ್ಕೆ ಹತ್ತು ವರ್ಷ ಮೊದಲು, 1893ರಲ್ಲಿ, ತರುಣ ವಕೀಲ ಮೋಹನದಾಸ ಗಾಂಧಿಯವರನ್ನು ರೈಲಿನ ಮೊದಲ ದರ್ಜೆಯ ಡಬ್ಬಿಯಿಂದ ಹೊರದಬ್ಬಿದ್ದು ಇದೇ ಊರಿನ ನಿಲ್ದಾಣದಲ್ಲಿ. ಮರುವರ್ಷ ಧರ್ಮಸಂಶಯಗಳಲ್ಲಿ ತೊಳಲುತ್ತಿದ್ದ ಗಾಂಧೀಜಿ ದಕ್ಷಿಣ ಆಫ್ರಿಕಾದಿಂದಲೇ ಜೈನ ಚಿಂತಕ ಶ್ರೀಮದ್ ರಾಜಚಂದ್ರರಿಗೆ ಇಪ್ಪತ್ತೇಳು ಪ್ರಶ್ನೆಗಳನ್ನು ಬರೆದು ಕಳುಹಿಸಿ ಉತ್ತರ ಪಡೆದರು. ಅಹಿಂಸೆಯ ಕುರಿತಾದ ಜೈನ ವಿಚಾರಗಳು ಆ ನೆಲಕ್ಕೆ ತೀರ ಅಪರಿಚಿತವಲ್ಲ. ಪೇಟನ್ ಶ್ರದ್ಧಾವಂತ ಕ್ರೈಸ್ತರು. ಅವರ ಪಾತ್ರಗಳು ಆಡುವುದು ಬೈಬಲ್ಲಿನ ನುಡಿಗಟ್ಟನ್ನು. ಆದರೂ ಅವರು ಎತ್ತಿದ ಪ್ರಶ್ನೆಯನ್ನು ಹಿಂಸೆಯ ಜೈನ ವಿಶ್ಲೇಷಣೆಯ ಬೆಳಕಿನಲ್ಲಿ ನೋಡಿದರೆ ಕೆಲವು ಪಾತ್ರಗಳು ಹೆಚ್ಚು ಸ್ಪಷ್ಟವಾಗುತ್ತವೆ.

1935ರಿಂದ 1948ರವರೆಗೆ ಪೇಟನ್ ಅವರು ಜೊಹಾನ್ಸ್‌ಬರ್ಗಿನ ಬಳಿಯ ಡೀಪ್‌ಕ್ಲೂಫ್ ಸುಧಾರಣಾಲಯದ ಮುಖ್ಯಸ್ಥರಾಗಿದ್ದರು. ಅಪರಾಧ ಮಾಡಿ ಸಿಕ್ಕಿಬಿದ್ದ ಕಪ್ಪುವರ್ಣೀಯ ಬಾಲಕರನ್ನು ಅಲ್ಲಿ ಇಡಲಾಗುತ್ತಿತ್ತು. ಮುಳ್ಳುತಂತಿಯ ಬೇಲಿ ಕಿತ್ತುಹಾಕಿಸಿ, ಹೂಗಿಡಗಳನ್ನು ನೆಡಿಸಿ, ಬಾಲಕರ ಮೇಲೆ ನಂಬಿಕೆಯಿಟ್ಟು ಅವರನ್ನು ತಿದ್ದುವ ಪ್ರಯೋಗವನ್ನು ಅವರು ಅಲ್ಲಿ ನಡೆಸಿದರು. 1946ರಲ್ಲಿ ಯೂರೋಪು ಮತ್ತು ಅಮೆರಿಕದ ಕಾರಾಗೃಹ ವ್ಯವಸ್ಥೆಯನ್ನು ನೋಡಲು ಹೋದಾಗ ನಾರ್ವೆಯ ಟ್ರೋಂಡ್‌ಹೈಮ್ ನಗರದಲ್ಲಿ ಈ ಕಾದಂಬರಿಯನ್ನು ಬರೆಯತೊಡಗಿ, ಅದೇ ವರ್ಷದ ಕ್ರಿಸ್‌ಮಸ್ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮುಗಿಸಿದರು. 1948ರ ಫೆಬ್ರವರಿಯಲ್ಲಿ ಅದು ನ್ಯೂಯಾರ್ಕಿನಿಂದ ಪ್ರಕಟವಾಯಿತು. ಅದೇ ವರ್ಷ ಮೇ ತಿಂಗಳ ಚುನಾವಣೆಯಲ್ಲಿ ನ್ಯಾಷನಲ್ ಪಾರ್ಟಿ ಗೆದ್ದು ‘ಅಪಾರ್ಥೈಡ್’ ಸರ್ಕಾರದ ಅಧಿಕೃತ ನೀತಿಯಾಯಿತು. ಈ ಕಾಲಕ್ರಮವನ್ನು ಮರೆಯಬಾರದು. ಕಾದಂಬರಿ ಚಿತ್ರಿಸುವ ಒಡಕು ಅಪಾರ್ಥೈಡ್‌ಗಿಂತ ಹಳೆಯದು. 1886ರಲ್ಲಿ ವಿಟ್‌ವಾಟರ್ಸ್‌ರ‍್ಯಾಂಡ್‌ನಲ್ಲಿ ಚಿನ್ನ ದೊರೆತ ಮೇಲೆ ಗಣಿಗಳಿಗೆ ಅಗ್ಗದ ಕೂಲಿ ಬೇಕಾಯಿತು. 1913ರ ಭೂ ಕಾಯಿದೆ ಜನಸಂಖ್ಯೆಯ ಸುಮಾರು ಮೂರರಲ್ಲಿ ಎರಡು ಪಾಲಿದ್ದ ಆಫ್ರಿಕನ್ನರಿಗೆ ದೇಶದ ನೆಲದಲ್ಲಿ ಶೇಕಡಾ 7ರಷ್ಟನ್ನು ಮಾತ್ರ ಬಿಟ್ಟುಕೊಟ್ಟಿತು. 1936ರಲ್ಲಿ ಇದನ್ನು ಶೇಕಡಾ 13ರಷ್ಟಕ್ಕೆ ಏರಿಸುವ ಮಾತಾಯಿತು. ಆ ನೆಲ ಅವರನ್ನು ಸಾಕಲಾರದೆ ಹೋದಾಗ ಗಂಡಸರು ಗಣಿಗಳಿಗೆ ಹೊರಟರು. ಅಲ್ಲಿ ಅವರಿಗೆ ಸಿಕ್ಕಿದ್ದು ಹೆಂಡತಿ ಮಕ್ಕಳಿಗೆ ಪ್ರವೇಶವಿಲ್ಲದ ವಠಾರಗಳು. ಕುಟುಂಬವನ್ನು ಒಡೆದದ್ದು ಮೊದಲು ಕಾನೂನು. ಅಪರಾಧ ಬಂದದ್ದು ಅದರ ಹಿಂದೆ.

ಕುಮಾಲೊ ಕುಟುಂಬದ ಪ್ರತಿಯೊಂದು ಪಾತ್ರವೂ ಈ ಒಡಕಿನ ಒಂದೊಂದು ರೂಪ. ಗಣಿಗೆ ಹೋಗಿ ಹಿಂತಿರುಗದ ಗಂಡನನ್ನು ಹುಡುಕಿಕೊಂಡು ಪುಟ್ಟ ಮಗುವಿನೊಂದಿಗೆ ಹೊರಟವಳು ತಂಗಿ ಗರ್ಟ್ರೂಡ್. ನಗರದಲ್ಲಿ ಕಳ್ಳಹೆಂಡ ಮಾರುತ್ತ, ಮೈ ಮಾರುತ್ತ ಬದುಕಿ ಸೆರೆಮನೆಯನ್ನೂ ಕಂಡಳು. ತಮ್ಮ ಜಾನ್ ಬಡಗಿಯಾಗಿ ಹೋದವನು ಅಂಗಡಿಯ ಒಡೆಯನಾದ, ವೇದಿಕೆಯ ಭಾಷಣಕಾರನಾದ. ಮಗ ಅಬ್ಸಲೊಮ್ ಅತ್ತೆಯನ್ನು ಹುಡುಕಲು ಹೋದವನು ತಾನೇ ಕಳೆದುಹೋದ. ತಂಗಿಗೆ ಕಾಯಿಲೆಯೆಂದು ಮ್ಸಿಮಾಂಗು ಎಂಬ ಪಾದ್ರಿ ಬರೆದ ಪತ್ರ ಬಂದಾಗ ವೃದ್ಧ ದಂಪತಿಗಳು ಮನೆಯ ಡಬ್ಬಿಯನ್ನು ತೆರೆಯುತ್ತಾರೆ. ಅದರಲ್ಲಿದ್ದುದು ಮಗನ ಓದಿಗೆಂದು ಕೂಡಿಟ್ಟ ಹನ್ನೆರಡು ಪೌಂಡು ಚಿಲ್ಲರೆ. ಮಗ ಇನ್ನು ಆ ಶಾಲೆಗೆ ಹೋಗುವುದಿಲ್ಲ ಎಂಬ ಸತ್ಯವನ್ನು ಇಬ್ಬರೂ ಆ ಹಣ ಎಣಿಸುವ ಹೊತ್ತಿನಲ್ಲಿ ಒಪ್ಪಿಕೊಳ್ಳಬೇಕಾಗುತ್ತದೆ. ಜೊಹಾನ್ಸ್‌ಬರ್ಗಿಗೆ ಕಾಲಿಟ್ಟ ಕೂಡಲೇ ಬಸ್ಸಿನ ಟಿಕೆಟ್ ತಂದುಕೊಡುವೆನೆಂದು ನಂಬಿಸಿದ ತರುಣನೊಬ್ಬ ಕುಮಾಲೊನಿಂದ ಒಂದು ಪೌಂಡು ತೆಗೆದುಕೊಂಡು ಮಾಯವಾಗುತ್ತಾನೆ. ಆ ತರುಣನಿಗೆ ಹೆಸರಿಲ್ಲ. ಅವನೂ ಯಾವುದೋ ಹಳ್ಳಿಯ ಯಾರದೋ ಮಗ ಎಂದು ಓದುಗನಿಗೆ ಆಮೇಲೆ ಹೊಳೆಯುತ್ತದೆ.

ಮಗನನ್ನು ಹುಡುಕುವ ತಂದೆಯ ದಾರಿ ಒಂದೊಂದು ವಿಳಾಸದಲ್ಲೂ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ನೂಲಿನ ಕಾರ್ಖಾನೆ, ಅಲೆಕ್ಸಾಂಡ್ರದ ಬಾಡಿಗೆ ಕೋಣೆ, ಒರ್‍ಲ್ಯಾಂಡೊದ ಗುಡಿಸಲು ಕೇರಿ, ಕೊನೆಗೆ ಸುಧಾರಣಾಲಯ. ಅಲ್ಲಿ ಅಬ್ಸಲೊಮ್ ಒಳ್ಳೆಯ ನಡತೆಯವನೆಂದು ಹೆಸರು ಪಡೆದಿದ್ದ. ಅವನಿಂದ ಗರ್ಭಿಣಿಯಾದ ಹುಡುಗಿಯನ್ನು ಮದುವೆಯಾಗಲೆಂದು, ದುಡಿದು ತಿನ್ನಲೆಂದು ಅವನನ್ನು ಅವಧಿಗೆ ಮೊದಲೇ ಬಿಟ್ಟಿದ್ದರು. ಹಾಗೆ ಬಿಡುಗಡೆ ಮಾಡಿಸಿದ ಬಿಳಿಯ ತರುಣ ಅಧಿಕಾರಿ ಕೊಲೆಯ ಸುದ್ದಿ ತಿಳಿದ ಮೇಲೆ ನೋವಿನಿಂದ ಕುಮಾಲೊನ ಮೇಲೆ ಸಿಡುಕುತ್ತಾನೆ. ಆಮೇಲೆ ಬಂದು ಕ್ಷಮೆ ಕೇಳುತ್ತಾನೆ. ಹನ್ನೆರಡು ವರ್ಷಗಳಿಗೂ ಮಿಕ್ಕಿ ಅದೇ ವೃತ್ತಿಯಲ್ಲಿದ್ದ ಪೇಟನ್ ತಮ್ಮ ಪಾಲಿನ ಸಂಶಯವನ್ನೂ ಆ ಪಾತ್ರದಲ್ಲಿ ಇಟ್ಟಿದ್ದಾರೆ ಎನ್ನಬಹುದು. ಒಳ್ಳೆಯದನ್ನು ಮಾಡಲು ಹೊರಟವನ ನಿರ್ಣಯವೂ ಆ ಸಾವಿನ ಕಾರಣಸರಪಳಿಯ ಒಂದು ಕೊಂಡಿಯಾಗಿದೆ.

ಇನ್ನು ಕೊಲೆಯ ವಿಷಯ. ಅಬ್ಸಲೊಮ್, ಜಾನನ ಮಗ ಮ್ಯಾಥ್ಯೂ, ಜೊಹಾನಸ್ ಪಫುರಿ ಎಂಬ ಗೆಳೆಯ, ಈ ಮೂವರು ಪಾರ್ಕ್‌ವೋಲ್ಡಿನ ಮನೆಯೊಂದಕ್ಕೆ ಕಳ್ಳತನಕ್ಕೆ ನುಗ್ಗುತ್ತಾರೆ. ಪಫುರಿ ಮನೆಯ ಸೇವಕನನ್ನು ಕಬ್ಬಿಣದ ಸರಳಿನಿಂದ ಹೊಡೆದು ಬೀಳಿಸುತ್ತಾನೆ. ಸದ್ದು ಕೇಳಿ ಮನೆಯ ಯಜಮಾನ ಆರ್ಥರ್ ಜಾರ್ವಿಸ್ ಬರುತ್ತಾನೆ. ಹೆದರಿದ ಅಬ್ಸಲೊಮ್ ಗುಂಡು ಹಾರಿಸುತ್ತಾನೆ. ಸತ್ತವನು ಕಪ್ಪುಜನರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಕೆಲವೇ ಬಿಳಿಯರಲ್ಲಿ ಒಬ್ಬ. ಅವನು ಬರೆಯುತ್ತಿದ್ದುದು ಕಪ್ಪುಜನರ ಅಪರಾಧಗಳಿಗೆ ನಿಜವಾದ ಕಾರಣವೇನೆಂಬ ಪ್ರಬಂಧವನ್ನು. ತಂದೆ ಸೆರೆಮನೆಯಲ್ಲಿ ಮಗನನ್ನು ಮತ್ತೆ ಮತ್ತೆ ಕೇಳುತ್ತಾನೆ: ಏಕೆ ಹೀಗೆ ಮಾಡಿದೆ? ಮಗನಿಗೆ ಉತ್ತರ ಹೊಳೆಯುವುದಿಲ್ಲ. ಕೊಲ್ಲುವ ಉದ್ದೇಶವಿರಲಿಲ್ಲ, ಹೆದರಿದೆ ಎನ್ನುವುದೊಂದೇ ಅವನಿಗೆ ಗೊತ್ತು.

ಜೈನ ಕರ್ಮಸಿದ್ಧಾಂತದಲ್ಲಿ ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳಲ್ಲದೆ ಒಂಬತ್ತು ನೋಕಷಾಯಗಳನ್ನು ಹೇಳಿದೆ. ಭಯ ಮತ್ತು ಶೋಕ ಅವುಗಳಲ್ಲಿ ಸೇರಿವೆ. ಕಷಾಯಗಳಂತೆ ಇವೂ ಆತ್ಮವನ್ನು ಕಲುಷಿತಗೊಳಿಸುತ್ತವೆ. ಪೇಟನ್ ಅವರ ಕಾದಂಬರಿಯನ್ನು ಭಯ ಮತ್ತು ಶೋಕಗಳ ಕಾದಂಬರಿ ಎಂದರೆ ತಪ್ಪಾಗದು. ಬಿಳಿಯರು ಬೇಲಿ ಎತ್ತರಿಸುವುದು ಭಯದಿಂದ. ಕರಿಯ ಹುಡುಗ ಜೇಬಿನಲ್ಲಿ ಪಿಸ್ತೂಲು ಇಟ್ಟುಕೊಳ್ಳುವುದೂ ಭಯದಿಂದ. ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯನ್ನು ಪ್ರಮಾದದ ವಶವಾದ ಮನವಚನಕಾಯಗಳಿಂದ ಪ್ರಾಣಕ್ಕೆ ಒದಗುವ ಘಾತ ಎಂದು ನಿರೂಪಿಸಿದ್ದಾರೆ. ಅಬ್ಸಲೊಮನಲ್ಲಿ ದ್ವೇಷವಿರಲಿಲ್ಲ, ಆದರೆ ಪ್ರಮಾದವಿತ್ತು; ಗುಂಡು ತುಂಬಿದ ಆಯುಧವನ್ನು ಪರರ ಮನೆಗೆ ಒಯ್ದವನು ತಾನು ಕೊಲ್ಲಲು ಬಂದವನಲ್ಲ ಎಂದರೆ ಅದು ಪೂರ್ಣ ಸತ್ಯವಾಗದು. ಕಾದಂಬರಿಯ ನ್ಯಾಯಾಧೀಶ ಹಿಡಿಯುವುದೂ ಇದೇ ಎಳೆಯನ್ನು.

ಕನ್ನಡದ ಓದುಗನಿಗೆ ಇಲ್ಲಿ 1209ರಲ್ಲಿ ರಚಿತವಾದ ಜನ್ನನ ‘ಯಶೋಧರ ಚರಿತೆ’ ನೆನಪಾಗದಿರದು. ಅಲ್ಲಿ ಜೀವವೇ ಇಲ್ಲದ ಹಿಟ್ಟಿನ ಹುಂಜವನ್ನು ಬಲಿಗೊಟ್ಟ ಸಂಕಲ್ಪಹಿಂಸೆ ಯಶೋಧರನನ್ನೂ ತಾಯಿ ಚಂದ್ರಮತಿಯನ್ನೂ ಜನ್ಮಜನ್ಮಾಂತರಗಳ ದುಃಖಕ್ಕೆ ದೂಡುತ್ತದೆ. ಅಲ್ಲಿ ಸಂಕಲ್ಪವಿದೆ, ಸಾಯುವ ಜೀವವಿಲ್ಲ. ಇಲ್ಲಿ ಜೀವ ಹೋಗಿದೆ, ಸಂಕಲ್ಪವಿಲ್ಲ. ಎರಡು ಕೃತಿಗಳೂ ಎರಡು ದಿಕ್ಕಿನಿಂದ ಬಂದು ಒಂದೇ ಪ್ರಶ್ನೆಯ ಮುಂದೆ ನಿಲ್ಲುತ್ತವೆ. ಇನ್ನೊಂದು ಸಾಮ್ಯವೂ ಗಮನಾರ್ಹ. ಹುಂಜವನ್ನು ಕಡಿದವನು ಮಗ. ಕಡಿಯಲು ಪ್ರೇರೇಪಿಸಿದವಳು ತಾಯಿ. ಜನ್ನನ ಕಥೆ ಕಡಿದ ಕೈಯನ್ನಷ್ಟೇ ಹಿಡಿದು ಪ್ರೇರೇಪಿಸಿದ ಮನಸ್ಸನ್ನು ಬಿಟ್ಟುಬಿಡುವುದಿಲ್ಲ. ಇಬ್ಬರೂ ಜೊತೆಜೊತೆಯಾಗಿ ತಿರ್ಯಗ್ಜನ್ಮಗಳನ್ನು ಸುತ್ತಿ ಬರುತ್ತಾರೆ.

ಇದಕ್ಕೆ ಆಧಾರವಾದ ಶಾಸ್ತ್ರವಿಚಾರ ಕೃತ, ಕಾರಿತ, ಅನುಮೋದಿತ ಎಂಬ ಮೂವಗೆ. ತಾನೇ ಮಾಡಿದ್ದು, ಪರರಿಂದ ಮಾಡಿಸಿದ್ದು, ಪರರು ಮಾಡಿದ್ದಕ್ಕೆ ಸಮ್ಮತಿಸಿದ್ದು, ಈ ಮೂರೂ ಆಸ್ರವಕ್ಕೆ ಕಾರಣ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು ಹಂತಗಳು, ಮನ, ವಚನ, ಕಾಯ ಎಂಬ ಮೂರು ಯೋಗಗಳು, ಕೃತಾದಿ ಮೂರು ರೀತಿಗಳು, ನಾಲ್ಕು ಕಷಾಯಗಳು, ಇವನ್ನು ಗುಣಿಸಿದರೆ 108 ಭೇದಗಳಾಗುತ್ತವೆ. ಈ ಲೆಕ್ಕ ಒಣ ಗಣಿತವೆಂದು ತೋರಬಹುದು. ಆದರೆ ಅದು ಹೇಳುವುದು ಬಹಳ ಲೌಕಿಕವಾದ ಸಂಗತಿಯನ್ನು: ಹಿಂಸೆಯೆಂಬುದು ಒಬ್ಬನ ಕೈಯಲ್ಲಿ ಒಂದು ಕ್ಷಣದಲ್ಲಿ ಆಗಿಹೋಗುವ ಘಟನೆಯಲ್ಲ, ಅದಕ್ಕೆ ಪಾಲುದಾರರು ಹಲವರು.

ನ್ಯಾಯಾಲಯಕ್ಕೆ ಈ ಲೆಕ್ಕ ಒಗ್ಗುವುದಿಲ್ಲ. ಕಾದಂಬರಿಯ ನ್ಯಾಯಾಧೀಶ ಕ್ರೂರಿಯಲ್ಲ. ಬುಡಕಟ್ಟಿನ ಬದುಕನ್ನು ಬಿಳಿಯರ ಸಮಾಜ ಕೆಡವಿತು, ಅದರ ಜಾಗದಲ್ಲಿ ಏನನ್ನೂ ಕಟ್ಟಲಿಲ್ಲ ಎಂಬ ವಾದವನ್ನು ಅವನು ಗೌರವದಿಂದ ಕೇಳಿಸಿಕೊಳ್ಳುತ್ತಾನೆ. ಆದರೆ ಸಮಾಜ ದೋಷಪೂರ್ಣವೆಂದು ಕಾನೂನನ್ನು ಸಡಿಲಿಸುವ ಅಧಿಕಾರ ತನಗಿಲ್ಲ ಎನ್ನುತ್ತಾನೆ. ಕಾರಿತ, ಅನುಮೋದಿತಗಳು ಅವನ ವ್ಯಾಪ್ತಿಯ ಹೊರಗೆ, ಕೃತವೊಂದೇ ಒಳಗೆ. ಕೃತದ ವಿಚಾರದಲ್ಲೂ ವಿಪರ್ಯಾಸ ಕಾದಿದೆ. ಜಾನ್ ಕುಮಾಲೊ ಹಣ ಕೊಟ್ಟು ವಕೀಲನನ್ನು ಗೊತ್ತುಮಾಡುತ್ತಾನೆ; ಮ್ಯಾಥ್ಯೂ, ಪಫುರಿ ಇಬ್ಬರೂ ತಾವು ಅಲ್ಲಿರಲೇ ಇಲ್ಲವೆಂದು ಹೇಳಿ ಸಾಕ್ಷ್ಯ ಸಾಲದೆಂದು ಬಿಡುಗಡೆಯಾಗುತ್ತಾರೆ. ಇನ್ನು ಸುಳ್ಳಾಡುವುದಿಲ್ಲವೆಂದು ನಡೆದುದನ್ನು ನಡೆದಂತೆ ಹೇಳಿದ ಅಬ್ಸಲೊಮನಿಗೆ ಗಲ್ಲುಶಿಕ್ಷೆಯಾಗುತ್ತದೆ. ಆಲೋಚನೆಯೆಂದು ಜೈನರು ಕರೆಯುವ ದೋಷನಿವೇದನೆಯನ್ನು ಮಾಡಿದವನು ಅವನೊಬ್ಬನೇ. ಕೊರಳಿಗೆ ಹಗ್ಗ ಬಿದ್ದುದೂ ಅವನೊಬ್ಬನಿಗೇ.

ಜಾನ್ ಕುಮಾಲೊನ ಪಾತ್ರವನ್ನು ಈ ಹಿನ್ನೆಲೆಯಲ್ಲಿ ಅಳೆಯಬೇಕು. ಗಣಿಯ ಚಿನ್ನ ಕರಿಯರ ಬೆವರಿನಿಂದ ಬಂದದ್ದು, ಅದರ ಪಾಲು ಅವರಿಗೂ ಸಲ್ಲಬೇಕೆಂಬ ಅವನ ಮಾತಿನಲ್ಲಿ ಸುಳ್ಳಿಲ್ಲ. ಅವನ ಕಂಠಕ್ಕೆ ಸಾವಿರಾರು ಜನರನ್ನು ಎಬ್ಬಿಸುವ ಬಲವಿದೆ. ಆದರೆ ಸೆರೆಮನೆಯ ಭಯ ಅವನನ್ನು ಪ್ರತಿಸಲವೂ ಅಂಚಿನಲ್ಲಿ ನಿಲ್ಲಿಸುತ್ತದೆ. ಜನಾಂಗದ ನೋವನ್ನು ಎತ್ತಿ ಹೇಳುವ ಬಾಯಿ ಸ್ವಂತ ಅಣ್ಣನ ಮಗನ ಕೊರಳನ್ನು ಕೊಟ್ಟು ತನ್ನ ಮಗನನ್ನು ಬಿಡಿಸಿಕೊಳ್ಳುತ್ತದೆ. ವರ್ಣದಿಂದ ಒಡೆದ ಸಮಾಜದಲ್ಲಿ ರಕ್ತಸಂಬಂಧವೂ ಒಡೆಯಿತೆಂಬುದಕ್ಕೆ ಇದಕ್ಕಿಂತ ಕಹಿಯಾದ ಉದಾಹರಣೆ ಬೇಕಿಲ್ಲ. ಸ್ಟೀಫನ್ನನೂ ಇಲ್ಲಿ ನಿರ್ಮಲನಾಗಿ ಉಳಿಯುವುದಿಲ್ಲ. ಊರಿಗೆ ಹೊರಡುವ ಮುನ್ನ ತಮ್ಮನ ಬಳಿಗೆ ಹೋದವನು, ನಿನ್ನ ಗೆಳೆಯರಲ್ಲಿ ಗೂಢಚಾರನಿದ್ದಾನೆ ಎಂಬಂತೆ ಸುಳ್ಳೊಂದನ್ನು ಹೇಳಿ ತಮ್ಮನ ಮನಸ್ಸಿಗೆ ಭಯ ತುಂಬುತ್ತಾನೆ. ತಮ್ಮ ಅವನನ್ನು ಬೀದಿಗೆ ದೂಡಿ ಬಾಗಿಲು ಹಾಕಿಕೊಳ್ಳುತ್ತಾನೆ. ಮಗನ ಭಾವೀ ಪತ್ನಿಯನ್ನು ಪರೀಕ್ಷಿಸುವ ನೆಪದಲ್ಲಿ ಅವಳನ್ನು ಮಾತಿನಿಂದ ಘಾಸಿಗೊಳಿಸಿ ಅವನು ನಾಚಿಕೆಪಟ್ಟದ್ದೂ ಉಂಟು. ಪ್ರತಿಕ್ರಮಣ ಬೇಕಾಗುವುದು ಪಾಪಿಗಳಿಗಷ್ಟೇ ಅಲ್ಲ, ಗುರುಸ್ಥಾನದಲ್ಲಿರುವವರಿಗೂ ಎಂಬುದನ್ನು ಪೇಟನ್ ಮುಚ್ಚಿಡುವುದಿಲ್ಲ.

ಬೆಟ್ಟದ ಮೇಲಿನ ಮನೆಯ ಕಥೆ ಬೇರೆ ಬಗೆಯದು. ಜೇಮ್ಸ್ ಜಾರ್ವಿಸ್ ಯಾರನ್ನೂ ಹೊಡೆದವನಲ್ಲ, ವಂಚಿಸಿದವನಲ್ಲ. ಒಳ್ಳೆಯ ಕೃಷಿಕ, ಮರ್ಯಾದಸ್ಥ. ಕೆಳಗಿನ ಕಣಿವೆ ಏಕೆ ಬರಡಾಯಿತೆಂದು ಅವನು ಆಳವಾಗಿ ಯೋಚಿಸಿದವನಲ್ಲ, ಅಷ್ಟೇ. ಮಗ ಯಾವ ಕೆಲಸದಲ್ಲಿ ತೊಡಗಿದ್ದಾನೆಂಬುದೂ ಅವನಿಗೆ ಸರಿಯಾಗಿ ತಿಳಿಯದು. ಮಗನ ಶವಸಂಸ್ಕಾರದ ದಿನ ಅವನು ಜೀವನದಲ್ಲಿ ಮೊದಲ ಸಲ ಕಪ್ಪುಜನರೊಂದಿಗೆ ಒಂದೇ ಚರ್ಚಿನಲ್ಲಿ ಕುಳಿತುಕೊಳ್ಳುತ್ತಾನೆ, ಅವರ ಕೈ ಕುಲುಕುತ್ತಾನೆ. ಆಮೇಲೆ ಮಗನ ಓದುಕೋಣೆಗೆ ಹೋಗುತ್ತಾನೆ. ಅಲ್ಲಿ ಲಿಂಕನ್ ಬಗ್ಗೆ ರಾಶಿ ಪುಸ್ತಕಗಳು, ಗೋಡೆಯಲ್ಲಿ ಲಿಂಕನ್ನನ ಚಿತ್ರ, ಮೇಜಿನ ಮೇಲೆ ಅರ್ಧಕ್ಕೆ ನಿಂತ ಹಸ್ತಪ್ರತಿ. ಅರಿಯದೆ ಮಾಡಿದ್ದಕ್ಕೆ ಒಂದು ಕಾಲದಲ್ಲಿ ಸಮಾಧಾನವಿದ್ದಿರಬಹುದು, ಅರಿತ ಮೇಲೆ ಅದನ್ನೇ ಮುಂದುವರಿಸುವುದಕ್ಕೆ ಇಲ್ಲ ಎಂಬುದು ಆ ಬರಹದ ತಿರುಳು. ಗಂಡಸರನ್ನು ಕುಟುಂಬದಿಂದ ಬೇರ್ಪಡಿಸಿ ಗಣಿಯ ವಠಾರಗಳಲ್ಲಿ ಕೂಡಿಡುವ ಪದ್ಧತಿಯೇ ಅಪರಾಧಗಳ ತಾಯಿಬೇರು ಎಂದು ಆರ್ಥರ್ ವಾದಿಸಿದ್ದಾನೆ. ಇನ್ನೊಂದು ಹಾಳೆಯಲ್ಲಿ ತಂದೆತಾಯಿ ತನಗೆ ಸತ್ಯ, ಔದಾರ್ಯಗಳನ್ನು ಕಲಿಸಿದರೂ ತಾನು ಬಾಳುವ ನಾಡಿನ ನಿಜವನ್ನು ಮಾತ್ರ ಕಲಿಸಲಿಲ್ಲವೆಂದು ಬರೆದಿದ್ದಾನೆ. ಈ ಸಾಲುಗಳು ತಂದೆಯನ್ನು ಇರಿಯುತ್ತವೆ. ಆದರೂ ಅವನು ಓದುವುದನ್ನು ಬಿಡುವುದಿಲ್ಲ.

ಇದು ಕಾದಂಬರಿಯ ನಿಜವಾದ ತಿರುವು. ಮಗನ ಕೊಲೆಗಾರ ಸೆರೆಮನೆಯಲ್ಲಿದ್ದಾನೆ. ಅವನನ್ನು ದ್ವೇಷಿಸುವ ಹಕ್ಕು ಜಾರ್ವಿಸನಿಗೆ ಲೋಕವೇ ಕೊಟ್ಟಿದೆ. ಆದರೆ ಸತ್ತ ಮಗನ ಬರಹ ಅವನ ಕೈಗೆ ಬೇರೊಂದು ಲೆಕ್ಕವನ್ನು ಕೊಡುತ್ತದೆ. ಕೈಯಿಂದ ಮಾಡದೆ, ಬಾಯಿಂದ ಮಾಡಿಸದೆ, ಕೇವಲ ಫಲವನ್ನುಣ್ಣುತ್ತ ಸುಮ್ಮನಿದ್ದವನ ಪಾಲು ಎಷ್ಟು? ಅನುಮೋದನೆಗೆ ಬಾಯ್ಮಾತಿನ ಒಪ್ಪಿಗೆಯೇ ಬೇಕಾಗಿಲ್ಲ. ಜಾರ್ವಿಸ್ ಇದನ್ನು ಸಿದ್ಧಾಂತವಾಗಿ ಎಲ್ಲಿಯೂ ಹೇಳುವುದಿಲ್ಲ. ಮಗನ ಗೆಳೆಯರು ನಡೆಸುತ್ತಿದ್ದ ಕಪ್ಪು ಬಾಲಕರ ಸಂಘಕ್ಕೆ ಸಾವಿರ ಪೌಂಡುಗಳ ಚೆಕ್ ಬರೆದಿಟ್ಟು ಊರಿಗೆ ಹೊರಡುತ್ತಾನೆ.

ಇಬ್ಬರು ತಂದೆಯರು ಮುಖಾಮುಖಿಯಾಗುವುದು ಸ್ಪ್ರಿಂಗ್ಸ್ ಎಂಬ ಗಣಿ ಊರಿನ ಮನೆಯೊಂದರ ಬಾಗಿಲಲ್ಲಿ, ಆಕಸ್ಮಿಕವಾಗಿ. ತನ್ನೂರಿನ ಬೇರೊಬ್ಬನ ಕಳೆದುಹೋದ ಮಗಳನ್ನು ವಿಚಾರಿಸಲು ಕುಮಾಲೊ ಅಲ್ಲಿಗೆ ಹೋಗಿರುತ್ತಾನೆ. ಬಾಗಿಲು ತೆರೆದವನು ಜಾರ್ವಿಸ್. ಮುದುಕ ನಡುಗುತ್ತ ಮೆಟ್ಟಿಲ ಮೇಲೆ ಕುಳಿತುಬಿಡುತ್ತಾನೆ. ತನ್ನನ್ನು ಕಂಡು ಇವನೇಕೆ ಹೆದರಬೇಕೆಂದು ಜಾರ್ವಿಸನಿಗೆ ತಿಳಿಯುವುದಿಲ್ಲ. ಬಿಡಿಸಿ ಬಿಡಿಸಿ ಕೇಳಿದ ಮೇಲೆ ಕುಮಾಲೊ ಆ ಮಾತನ್ನು ಹೇಳುತ್ತಾನೆ: ನಿಮ್ಮ ಮಗನನ್ನು ಕೊಂದವನು ನನ್ನ ಮಗ. ಜಾರ್ವಿಸ್ ತೋಟದತ್ತ ನಡೆದು ಗಣಿಯ ಬಿಳಿಯ ಮಣ್ಣುಗುಡ್ಡೆಗಳನ್ನು ನೋಡುತ್ತ ನಿಲ್ಲುತ್ತಾನೆ. ಹಿಂತಿರುಗಿ ಬಂದು, ತನಗೆ ಸಿಟ್ಟಿಲ್ಲ ಎಂದಷ್ಟೇ ಹೇಳುತ್ತಾನೆ. ಕ್ಷಮಿಸಿದ್ದೇನೆಂಬ ಮಾತು ಅವನ ಬಾಯಿಂದ ಬರುವುದಿಲ್ಲ. ಕುಮಾಲೊ ಕೂಡ ಕ್ಷಮೆಯನ್ನು ಬೇಡುವುದಿಲ್ಲ. ಚರ್ಚಿನ ಮುಂದೆ ಕುದುರೆಯೇರಿ ಹೋಗುತ್ತಿದ್ದ ಪುಟ್ಟ ಆರ್ಥರನ ಮುಖದ ಕಳೆಯನ್ನು ನೆನೆದುಕೊಳ್ಳುತ್ತಾನೆ. ಕೊಲೆಯಾದವನನ್ನು ಬಾಲ್ಯದಲ್ಲಿ ಕಂಡು ಮೆಚ್ಚಿದ ಒಬ್ಬ ಸಾಕ್ಷಿ ಕೊಲೆಗಾರನ ಮನೆಯಲ್ಲಿದ್ದಾನೆ. ಇಬ್ಬರ ನಡುವೆ ಸೇತುವಾಗುವುದು ಆ ನೆನಪೇ. ಶೋಕ ಇಬ್ಬರಿಗೂ ಸಮಾನವಾದಾಗ ಭಯ ಸ್ವಲ್ಪ ಹಿಂದೆ ಸರಿಯುತ್ತದೆ.

ದಶಲಕ್ಷಣ ಧರ್ಮಗಳಲ್ಲಿ ಮೊದಲನೆಯದು ಉತ್ತಮ ಕ್ಷಮೆ. ಕ್ರೋಧಕ್ಕೆ ಕಾರಣವಿದ್ದೂ, ಪ್ರತೀಕಾರಕ್ಕೆ ಶಕ್ತಿಯಿದ್ದೂ ಮನಸ್ಸು ಕಲುಷಿತವಾಗದಿರುವುದು ಅದರ ಲಕ್ಷಣ. ಈ ಅರ್ಥದಲ್ಲಿ ಜಾರ್ವಿಸನ ಕ್ಷಮೆ ಮಾತಿಗಿಂತ ಕ್ರಿಯೆಯಲ್ಲಿ ಕಾಣುತ್ತದೆ. ಆರ್ಥರನ ಪುಟ್ಟ ಮಗ ರಜೆಗೆ ಅಜ್ಜನ ಮನೆಗೆ ಬಂದವನು ಕುದುರೆಯೇರಿ ಕಣಿವೆಗಿಳಿದು, ಟೋಪಿ ಎತ್ತಿ ಕುಮಾಲೊಗೆ ವಂದಿಸುತ್ತಾನೆ. ಬಿಳಿಯ ಬಾಲಕನೊಬ್ಬ ಕರಿಯ ಮುದುಕನಿಗೆ ಹೀಗೆ ವಂದಿಸುವ ರೂಢಿ ಆ ನಾಡಿನಲ್ಲಿರಲಿಲ್ಲ. ಕುಡಿಯಲು ಹಾಲು ಕೇಳುತ್ತಾನೆ. ಊರಿನಲ್ಲಿ ಹಾಲಿಲ್ಲ, ಹಾಲಿಲ್ಲದೆ ಕೂಸುಗಳು ಸಾಯುತ್ತಿವೆ ಎಂದು ತಿಳಿಯುತ್ತದೆ. ಸ್ವಲ್ಪ ಹೊತ್ತಿನಲ್ಲೇ ಹೈ ಪ್ಲೇಸಿನಿಂದ ಹಾಲಿನ ಕ್ಯಾನುಗಳು ಬರುತ್ತವೆ. ಆಮೇಲೆ ಅಣೆಕಟ್ಟಿಗೆ ಗುರುತು ಹಾಕಲಾಗುತ್ತದೆ. ಬೇಸಾಯ ಕಲಿಸಲು ಲೆಟ್ಸಿಟ್ಸಿ ಎಂಬ ತರುಣ ಬರುತ್ತಾನೆ. ಮಳೆಯ ದಿನ ಸೋರುವ ಚರ್ಚಿನಲ್ಲಿ ಆಶ್ರಯ ಪಡೆದ ಜಾರ್ವಿಸ್, ಮಗನಿಗೆ ದಯೆ ದೊರಕಿತೇ ಎಂದು ಕುಮಾಲೊನನ್ನು ಕೇಳುತ್ತಾನೆ. ಹೊಸ ಚರ್ಚು ಕಟ್ಟಿಸುವ ಯೋಚನೆ ಆಮೇಲಿನದು.

ಈ ಭಾಗವನ್ನು ವಿಮರ್ಶಕರು ಸುಲಭವಾಗಿ ಒಪ್ಪಿಲ್ಲ. ದಕ್ಷಿಣ ಆಫ್ರಿಕಾದ ಕಪ್ಪು ಲೇಖಕರಾದ ಎಸ್ಕಿಯಾ ಎಂಫಲೇಲೆ, ಲೂಯಿಸ್ ಎನ್ಕೋಸಿ ಮೊದಲಾದವರು ಪೇಟನ್ ಅವರ ಪಾತ್ರಚಿತ್ರಣವನ್ನು, ವಿಶೇಷವಾಗಿ ಕುಮಾಲೊನ ಅತಿವಿನಯವನ್ನು ಪ್ರಶ್ನಿಸಿದ್ದಾರೆ. ಬಿಳಿಯ ಒಡೆಯ ಹಾಲು ಕೊಡುವುದು, ಕರಿಯ ಪಾದ್ರಿ ಕಣ್ಣೀರಿನಿಂದ ಸ್ವೀಕರಿಸುವುದು ಎಂಬ ಚೌಕಟ್ಟಿನಲ್ಲಿ ಅಸಮಾನತೆ ಹಾಗೆಯೇ ಉಳಿಯುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದು. ಹೆಣ್ಣುಪಾತ್ರಗಳ ವಿಷಯದಲ್ಲೂ ಕೊರತೆಯಿದೆ. ಕುಮಾಲೊನ ಹೆಂಡತಿಗೆ ಹೆಸರಿಲ್ಲ. ಸೆರೆಮನೆಯಲ್ಲಿ ಅಬ್ಸಲೊಮನನ್ನು ಮದುವೆಯಾಗಿ ಅತ್ತೆಮಾವಂದಿರ ಮನೆ ತುಂಬುವ ಹುಡುಗಿಗೂ ಹೆಸರಿಲ್ಲ. ಗರ್ಟ್ರೂಡ್ ಮಗುವನ್ನು ಬಿಟ್ಟು ಒಂದು ರಾತ್ರಿ ಕಾಣೆಯಾಗುತ್ತಾಳೆ. ಅವಳ ಮನಸ್ಸಿನೊಳಕ್ಕೆ ಕಾದಂಬರಿ ಹೋಗುವುದೇ ಇಲ್ಲ. ಪಾಪದ ಪಾಲನ್ನು ಇಷ್ಟು ಸೂಕ್ಷ್ಮವಾಗಿ ಹಂಚಿದ ಲೇಖಕ ನೋವಿನ ಪಾಲನ್ನು ಹಂಚುವಾಗ ಹೆಂಗಸರನ್ನು ಮರೆತರು.

ಆದರೂ ಮೊದಲನೆಯ ಆಕ್ಷೇಪದ ಬೀಜ ಕಾದಂಬರಿಯೊಳಗೇ ಇದೆ. ಜಾರ್ವಿಸನ ಔದಾರ್ಯವನ್ನು ಕೊಂಡಾಡುವ ಕುಮಾಲೊಗೆ ಲೆಟ್ಸಿಟ್ಸಿ ನೆನಪಿಸುತ್ತಾನೆ: ನಮಗೆ ಇಷ್ಟೇ ನೆಲ ಬಿಟ್ಟವರು ಬಿಳಿಯರು, ಆ ನೆಲದಿಂದ ದುಡಿಮೆಗೆ ಎಳೆದೊಯ್ದವರೂ ಅವರೇ. ಪರರು ಕೊಟ್ಟ ಹಾಲನ್ನು ನೆಚ್ಚದೆ ನಮ್ಮ ಹಾಲನ್ನು ನಾವೇ ಪಡೆಯಬೇಕೆಂಬುದು ಅವನ ಹಂಬಲ. ದಾನವನ್ನೂ ಋಣಸಂದಾಯವನ್ನೂ ಬೇರ್ಪಡಿಸಿ ನೋಡುವ ಕಣ್ಣು ಅವನದು. ಕೃತಜ್ಞತೆಯ ನಡುವೆ ಲೆಕ್ಕವನ್ನು ಮರೆಯದ ಈ ತರುಣನ ಬಾಯಿ ಮುಚ್ಚಿಸಲು ಪೇಟನ್ ಯತ್ನಿಸುವುದಿಲ್ಲ. ಯಾರನ್ನೂ ದ್ವೇಷಿಸಬೇಡ ಎಂದು ಕುಮಾಲೊ ಹೇಳುವುದಷ್ಟೇ ಉಳಿಯುತ್ತದೆ. ಬಿಳಿಯರು ಪ್ರೀತಿಗೆ ತಿರುಗುವ ಹೊತ್ತಿಗೆ ಕರಿಯರು ದ್ವೇಷಕ್ಕೆ ತಿರುಗಿಬಿಟ್ಟಿರಬಹುದು ಎಂಬ ಮ್ಸಿಮಾಂಗುವಿನ ಅಂಜಿಕೆ ಈ ಸಂಭಾಷಣೆಯ ಹಿಂದಿದೆ. ಕ್ಷಮೆ ತಡವಾಗಬಾರದು, ಆದರೆ ಲೆಕ್ಕ ಒಪ್ಪಿಸದೆ ಬರುವ ಕ್ಷಮೆಗೆ ಬೆಲೆಯೂ ಇಲ್ಲ.

ಈ ಮಾತಿಗೆ ಚರಿತ್ರೆಯ ಪುರಾವೆ ಅರ್ಧ ಶತಮಾನದ ನಂತರ ದೊರೆಯಿತು. 1996ರಲ್ಲಿ ಡೆಸ್ಮಂಡ್ ಟುಟು ಅವರ ಅಧ್ಯಕ್ಷತೆಯಲ್ಲಿ ಸತ್ಯ ಮತ್ತು ಸಾಮರಸ್ಯ ಆಯೋಗ ಬಹಿರಂಗ ವಿಚಾರಣೆಗಳನ್ನು ಆರಂಭಿಸಿತು. ರಾಜಕೀಯ ಉದ್ದೇಶದಿಂದ ಅಪರಾಧ ಎಸಗಿದವರು ನಡೆದುದೆಲ್ಲವನ್ನೂ ಪೂರ್ಣವಾಗಿ ಹೇಳಿಕೊಂಡರೆ ಮಾತ್ರ ಕ್ಷಮಾದಾನ ಎಂಬುದು ಅದರ ನಿಯಮ. ಕಳ್ಳತನಕ್ಕೆ ನುಗ್ಗಿದ ಅಬ್ಸಲೊಮ್ ಆ ನಿಯಮದ ಅಡಿಯಲ್ಲಿ ಬರುತ್ತಿರಲಿಲ್ಲ. ಆದರೆ ಕಾದಂಬರಿಯ ನ್ಯಾಯಾಲಯದಲ್ಲಿ ಸತ್ಯ ಹೇಳಿದವನು ನೇಣಿಗೇರಿದ, ಸುಳ್ಳಾಡಿದವರು ಮನೆಗೆ ಹೋದರು. ಆಯೋಗದ ಮುಂದೆ ಸತ್ಯವೇ ಕ್ಷಮೆಯ ಬಾಗಿಲಾಯಿತು. 1988ರಲ್ಲಿ ತೀರಿಕೊಂಡ ಪೇಟನ್ ಇದನ್ನು ಕಾಣಲಿಲ್ಲ. ವರ್ಣಭೇದವಿಲ್ಲದ ಲಿಬರಲ್ ಪಾರ್ಟಿಯನ್ನು 1953ರಲ್ಲಿ ಕಟ್ಟಿದವರಲ್ಲಿ ಅವರೊಬ್ಬರು. ಭಿನ್ನ ವರ್ಣದವರು ಒಂದೇ ಪಕ್ಷದಲ್ಲಿರಬಾರದೆಂಬ ಕಾನೂನು ಬಂದಾಗ, 1968ರಲ್ಲಿ, ಆ ಪಕ್ಷವನ್ನೇ ವಿಸರ್ಜಿಸಬೇಕಾಯಿತು.

ಕಾದಂಬರಿಯ ಕೊನೆಯಲ್ಲಿ ಮಗನಿಗೆ ಗಲ್ಲಾಗುವ ಹಿಂದಿನ ಸಂಜೆ ಕುಮಾಲೊ ಒಬ್ಬನೇ ಬೆಟ್ಟವೇರುತ್ತಾನೆ. ದಾರಿಯಲ್ಲಿ ಕುದುರೆಯ ಮೇಲೆ ಬರುತ್ತಿದ್ದ ಜಾರ್ವಿಸ್ ಸಿಗುತ್ತಾನೆ. ಆಡುವ ಮಾತು ಕೆಲವೇ. ಒಬ್ಬನು ಕೆಳಗಿನವನನ್ನು ‘ಉಂಫುಂಡಿಸಿ’ ಎಂದು ಗುರುವಿಗೆ ಸಲ್ಲುವ ಜುಲು ಮಾತಿನಿಂದ ಕರೆಯುತ್ತಾನೆ. ಇನ್ನೊಬ್ಬನು ಮೇಲಿನವನನ್ನು ‘ಉಂನುಂಜಾನ’ ಎಂದು, ಯಜಮಾನನಿಗೆ ಸಲ್ಲುವ ಮಾತಿನಿಂದ. ನೆಲ ಹಂಚಿಹೋದ ಹಾಗೆಯೇ ಇದೆ, ಕಾನೂನು ಇದ್ದ ಹಾಗೆಯೇ ಇದೆ, ಬೆಳಗಾದರೆ ಒಂದು ಜೀವ ಹೋಗುತ್ತದೆ. ಬದಲಾದದ್ದು ಇಷ್ಟೇ: ಬೆಟ್ಟದ ಮೇಲಿನವನು ಕೆಳಗಿನವನ ದುಃಖದಲ್ಲಿ ತನ್ನ ಪಾಲನ್ನು ಕಂಡಿದ್ದಾನೆ. ಕುಮಾಲೊ ಬೆಟ್ಟದ ಮೇಲ್ಗಡೆ ಒಬ್ಬನೇ ರಾತ್ರಿ ಕಳೆದು, ತಂದಿದ್ದ ರೊಟ್ಟಿಯನ್ನು ತಿಂದು, ಪೂರ್ವ ದಿಕ್ಕು ಬೆಳಗುವಾಗ ಟೋಪಿ ತೆಗೆದು ಎದ್ದು ನಿಲ್ಲುತ್ತಾನೆ. ಬೆಳಕು ಮೊದಲು ಬೀಳುವುದು ಮೇಲಿನ ಬೆಟ್ಟಗಳಿಗೆ. ನ್ಡೊಟ್ಶೇನಿಯ ಕಣಿವೆ ಇನ್ನೂ ಕತ್ತಲಲ್ಲಿರುತ್ತದೆ.

ಜನ್ನನ ಕಥೆಯಲ್ಲಿ ಹಿಂಸೆಯ ಸರಪಳಿ ಕಳಚುವುದು ಬಲಿಪೀಠದ ಮುಂದೆ ನಿಂತ ಅಭಯರುಚಿ ಎಂಬ ಬಾಲಕ ತನ್ನ ಹಿಂದಿನ ಜನ್ಮಗಳ ತಪ್ಪನ್ನು ಮುಚ್ಚಿಡದೆ ಹೇಳಿಕೊಂಡಾಗ. ಕತ್ತಿ ಹಿಡಿದ ಮಾರಿದತ್ತ ರಾಜ ಅದನ್ನು ಕೇಳಿ ಕತ್ತಿಯನ್ನು ಬಿಡುತ್ತಾನೆ. ಪೇಟನ್ ಅವರ ನಾಡಿನಲ್ಲಿ ಅಬ್ಸಲೊಮ್ ಹೇಳಿದ ಸತ್ಯವನ್ನು ಕೇಳಿ ಯಾರೂ ಕತ್ತಿಯನ್ನು ಕೆಳಗಿಡಲಿಲ್ಲ. ಜಾರ್ವಿಸನೊಬ್ಬ ಮಾತ್ರ ತನ್ನ ಕೈಗಳನ್ನು ನೋಡಿಕೊಂಡ. ಅಭಯವೆಂಬುದು ಒಬ್ಬರು ಇನ್ನೊಬ್ಬರಿಗೆ ಕೊಡುವ ದಾನಗಳಲ್ಲಿ ಶ್ರೇಷ್ಠವೆಂದು ನಮ್ಮ ಹಿರಿಯರು ಎಣಿಸಿದ್ದರು. ಆ ದಾನಕ್ಕೆ ಅರ್ಹತೆ ಬರುವುದು ಕೊಡುವವನು ಎದುರಿನವನ ಭಯಕ್ಕೆ ತಾನೆಷ್ಟು ಕಾರಣನೆಂದು ಅರಿತ ಮೇಲೆಯೇ.